ಅಳಿಯನಿಗೆ ನೆಗೆಟಿವ್, ಅತ್ತೆಗೆ ಪಾಸಿಟಿವ್

ಅಳಿಯನ ತೊಡೆಯ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆಯುವ ಯೋಗ ಎಲ್ಲ ಮಾವಂದಿರಿಗೂ ಬರುವುದಿಲ್ಲ. ನನಗೆ ಬಂತು. 2023ರ ಜೂನ್ ತಿಂಗಳು, ಅಮೆರಿಕದ ಕನೆಕ್ಟಿಕಟ್ ರಾಜ್ಯ, ಮಗಳ ಮನೆಯ ಅಡುಗೆಮನೆ. ಅಳಿಯ ಗೋಡೆಗೆ ಮುಖ ಮಾಡಿ ನಿಂತಿದ್ದರು. ಎಡ ತೊಡೆಯ ಹಿಂಭಾಗದಲ್ಲಿ ಅಂಗೈಗಿಂತ ಅಗಲವಾದ ಮಂಕು ಮಚ್ಚೆ. ಮಗಳು ಹೊಲಿಗೆ ಟೇಪು ಹಿಡಿದು ನೋಡಿದಳು: 14 ಸೆಂಟಿಮೀಟರ್. ನಾನು ಅದರ ಅಂಚಿನುದ್ದಕ್ಕೂ ನೀಲಿ ಶಾಯಿಯಲ್ಲಿ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ನೋಡಿದರೆ ಮಚ್ಚೆ ನನ್ನ ಬೇಲಿ ಹಾರಿ ಒಂದು ಬೆರಳು ಆಚೆ ಹೋಗಿತ್ತು.

ಅಷ್ಟು ಹೊತ್ತಿಗಾಗಲೇ ಅವರ ಫೋನಿನಲ್ಲಿ ರಕ್ತಪರೀಕ್ಷೆಯ ವರದಿ ಬಂದು ಕೂತಿತ್ತು. ಲೈಮ್: ನೆಗೆಟಿವ್.

ನಾನು ಸಾಗರದವನು. ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಮ್ಮೂರಿನ ಅರ್ಧ ಜನರ ಮುಖಕ್ಕಿಂತ ಅವರ ಮೊಣಕೈ ಒಳಬದಿಯ ನರವೇ ನನಗೆ ಹೆಚ್ಚು ಪರಿಚಯ. ಚೀಟಿಯ ಮೇಲೆ ‘ಪಾಸಿಟಿವ್’, ‘ನೆಗೆಟಿವ್’ ಎಂದು ಬರೆಯುತ್ತ ತಲೆ ಹಣ್ಣಾದವನಿಗೆ ಆ ಎರಡು ಪದಗಳ ಮೇಲೆ ಎಷ್ಟು ಭಕ್ತಿ ಉಳಿದಿರುತ್ತದೆ ಎಂದರೆ, ಅಡುಗೆ ಭಟ್ಟರಿಗೆ ಮದುವೆ ಮನೆಯ ಸಾರಿನ ಮೇಲೆ ಇರುವಷ್ಟು. ಚೆನ್ನಾಗಿದೆ ಅನ್ನುವವರು ಅನ್ನಲಿ, ಒಳಗೆ ಏನೇನು ಬಿದ್ದಿದೆ ಎನ್ನುವುದು ನಮಗೆ ಗೊತ್ತು.

ಆದರೂ ಅಳಿಯನ ವರದಿ ನೋಡಿ ಮೊದಲ ದಿನ ನಾನೂ ನೆಮ್ಮದಿಯ ಉಸಿರು ಬಿಟ್ಟಿದ್ದೆ. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಲೈಮ್ ಕಾಯಿಲೆ ಎಂದಾಗ ಊರಲ್ಲಿದ್ದ ನನ್ನ ತಮ್ಮ ಫೋನಿನಲ್ಲಿ, "ನಿಂಬೆಹಣ್ಣಿಂದ ಬರೋದಾ?" ಎಂದು ಕೇಳಿದ. ನಿಂಬೆಯೂ ಅಲ್ಲ, ಸುಣ್ಣವೂ ಅಲ್ಲ. ಲೈಮ್ ಎನ್ನುವುದು ಕನೆಕ್ಟಿಕಟ್‌ನ ಒಂದು ಪುಟ್ಟ ಊರು. ಮಗಳ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಪಾಲಿ ಮರ್ರೆ ಎಂಬ ಗೃಹಿಣಿ ಇದ್ದರು. ಚಿತ್ರ ಬರೆಯುತ್ತಿದ್ದರು, ನಾಲ್ಕು ಮಕ್ಕಳ ತಾಯಿ. 1960ರ ದಶಕದಿಂದಲೇ ಅವರಿಗೂ ಮನೆಮಂದಿಗೂ ಕೀಲು ಬಾವು, ಜ್ವರ, ವಿಚಿತ್ರ ಮಚ್ಚೆಗಳು. ವೈದ್ಯರು ಒಂದೊಂದು ಸಲ ಒಂದೊಂದು ಹೆಸರು ಹೇಳಿದರು, ಕೆಲವರು ಎಲ್ಲ ಮನಸ್ಸಿನ ಭ್ರಮೆ ಎಂದರು. ಆಕೆ ಬಿಡಲಿಲ್ಲ. ಯಾರಿಗೆ ಯಾವಾಗ ಏನಾಯಿತು ಎಂದು ಬರೆದಿಡುತ್ತ ಹೋದರು. 1975ರಲ್ಲಿ ಆರೋಗ್ಯ ಇಲಾಖೆಗೆ ಫೋನು ಮಾಡಿದರು. ವಿಷಯ ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಎಂಬ ತರುಣ ವೈದ್ಯರ ಕೈಗೆ ಬಂತು. ಲೈಮ್, ಓಲ್ಡ್ ಲೈಮ್, ಈಸ್ಟ್ ಹ್ಯಾಡಮ್ ಎಂಬ ಮೂರು ಅಕ್ಕಪಕ್ಕದ ಊರುಗಳಲ್ಲಿ ಅವರು 39 ಮಕ್ಕಳು, 12 ದೊಡ್ಡವರನ್ನು ಪತ್ತೆ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ರೋಗಾಣು ಸಿಕ್ಕಿದ್ದು ಇನ್ನೂ ತಡವಾಗಿ. 1981ರಲ್ಲಿ ಮೊಂಟಾನಾದ ಪ್ರಯೋಗಾಲಯವೊಂದರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗುಗಳ ಹೊಟ್ಟೆ ಬಗೆದು ಬೇರೇನನ್ನೋ ಹುಡುಕುತ್ತಿದ್ದರು. ಕಂಡದ್ದು ಬಿರಡೆ ತೆಗೆಯುವ ತಿರುಪಿನಂತೆ ಸುರುಳಿ ಸುತ್ತಿದ ಬ್ಯಾಕ್ಟೀರಿಯಾ. ಅದಕ್ಕೆ ಅವರದೇ ಹೆಸರಿಟ್ಟರು: ಬೊರೆಲಿಯಾ ಬರ್ಗ್‌ಡಾರ್ಫೆರಿ.

ಉಣುಗು ಎಂದರೆ ನಮ್ಮ ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ದನದ ಕಿವಿಯೊಳಗೆ ಕಡಲೆಕಾಳಿನಷ್ಟು ಉಬ್ಬಿ ಕೂತದ್ದನ್ನು ಕಿತ್ತು ಕೆಂಡಕ್ಕೆ ಹಾಕಿದವರು ನಾವು. ಅಲ್ಲಿಯದು ಬೇರೆ ಜಾತಿ. ಬೇಸಿಗೆಯ ಮೊದಲಿಗೆ ಬರುವ ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿದರೆ ನೋವಿಲ್ಲ, ತುರಿಕೆಯೂ ಇಲ್ಲದಿರಬಹುದು. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ರೋಗಾಣು ಮೈಗೆ ಇಳಿಯುತ್ತದೆ. ಮೇ ತಿಂಗಳ ಕೊನೆಯ ರಜೆಯಲ್ಲಿ ಅಳಿಯ ಹಿತ್ತಿಲ ಕಲ್ಲುಗೋಡೆಯ ಪಕ್ಕದ ದರಗೆಲೆ ಗುಡಿಸಿ, ಹೀರೆ ಬಳ್ಳಿಗೆ ಪಾತಿ ಮಾಡಿದ್ದರು. ಚಡ್ಡಿಯಲ್ಲಿ. ನಾನೇ ಪಕ್ಕದಲ್ಲಿ ನಿಂತು, "ಅಲ್ಲಿ ಇನ್ನೊಂದಿಷ್ಟು ಎಲೆ ಇದೆ ನೋಡಿ" ಎಂದು ತೋರಿಸಿದವನು.

ಜೂನ್ 8ಕ್ಕೆ ಜ್ವರ, ತಲೆನೋವು, ಕತ್ತು ಬಿಗಿತ. ಎರಡು ದಿನ ಬಿಟ್ಟು ಹತ್ತಿರದ ಒಂದು ತುರ್ತು ಚಿಕಿತ್ಸಾ ಕೇಂದ್ರಕ್ಕೆ ಹೋದರು. ಅಲ್ಲಿ ರಕ್ತ ತೆಗೆದರು. ಮರುದಿನ ವರದಿ ಬಂತು, ಜೊತೆಗೆ ಎರಡು ಸಾಲಿನ ಸಂದೇಶ: ಲೈಮ್ ಇಲ್ಲ, ಬಹುಶಃ ವೈರಲ್, ವಿಶ್ರಾಂತಿ ತೆಗೆದುಕೊಳ್ಳಿ. ನಾನು ನಿಟ್ಟುಸಿರು ಬಿಟ್ಟದ್ದು ಆಗಲೇ. ಅದರ ಮರುದಿನ ಮಗಳ ಕಣ್ಣಿಗೆ ಮಚ್ಚೆ ಬಿತ್ತು.

ಈಗ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಎಡವಟ್ಟು ಇರುವುದೇ ಇಲ್ಲಿ. ಆ ಪರೀಕ್ಷೆ ರೋಗಾಣುವನ್ನು ಹುಡುಕುವುದೇ ಇಲ್ಲ. ರೋಗಾಣುವಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಕಳ್ಳನನ್ನು ನೋಡದೆ, ಠಾಣೆಯಲ್ಲಿ ದೂರು ದಾಖಲಾಗಿದೆಯೇ ಎಂದು ವಿಚಾರಿಸಿದ ಹಾಗೆ. ದೂರು ಬರೆಯಲು ಮೈಗೆ ವಾರಗಳು ಬೇಕು. ಮೊದಲು ಐಜಿಎಂ ಎನ್ನುವ ಅವಸರದ ಪ್ರತಿಕಾಯ, ಆಮೇಲೆ ಐಜಿಜಿ ಎನ್ನುವ ಪಳಗಿದ್ದು. ಮಚ್ಚೆ ಮೂಡುವ ಮೊದಲ ದಿನಗಳಲ್ಲಿ ಪರೀಕ್ಷೆ ಮಾಡಿದರೆ, ನಿಜವಾಗಿ ಕಾಯಿಲೆ ಇರುವವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ನೆಗೆಟಿವ್ ಬರುತ್ತದೆ. ಕಾಯಿಲೆ ಒಳಗೇ ಉಳಿದು ತಿಂಗಳುಗಳ ನಂತರ ಮಂಡಿ ಊದಿಕೊಂಡು ಬಂದವರಲ್ಲಿ ಅದೇ ಪರೀಕ್ಷೆ ಹೆಚ್ಚುಕಡಿಮೆ ಎಲ್ಲರನ್ನೂ ಹಿಡಿಯುತ್ತದೆ. ಪರೀಕ್ಷೆ ಒಂದೇ, ಕೇಳಿದ ದಿನ ಬೇರೆ.

ಹಾಗಾದರೆ ರೋಗಾಣುವನ್ನೇ ನೇರವಾಗಿ ಹುಡುಕಬಾರದೇ? ಈ ಪ್ರಶ್ನೆ ನನಗೂ ಬಂತು, ಏಕೆಂದರೆ ನಮ್ಮ ಕಡೆ ಹಾಗೇ ಮಾಡುತ್ತಾರೆ. ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುವಂಥದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಜನ ಸಾಯುತ್ತಿದ್ದಾಗ ಜ್ವರ ಬಂದ ಮೊದಲ ದಿನಗಳ ರಕ್ತವನ್ನು ಪಿಸಿಆರ್‌ಗೆ ಹಾಕುತ್ತಿದ್ದರು. ಆಗ ವೈರಸ್ ರಕ್ತದಲ್ಲೇ ತುಂಬಿರುತ್ತದೆ, ಸಿಗುತ್ತದೆ. ಲೈಮ್‌ನ ಸುರುಳಿ ಬ್ಯಾಕ್ಟೀರಿಯಾ ಹಾಗಲ್ಲ. ರಕ್ತ ಅದಕ್ಕೆ ಬಸ್‌ಸ್ಟ್ಯಾಂಡು ಮಾತ್ರ. ಕೆಲವೇ ಕೆಲವು ಬಂದು ಹತ್ತಿ ಚರ್ಮ, ಕೀಲು, ನರಗಳ ಕಡೆ ಇಳಿದುಹೋಗುತ್ತವೆ. ತೋಳಿನಿಂದ ಎಳೆದ ಸಿರಿಂಜಿನಲ್ಲಿ ಒಂದೂ ಇರದಿರಬಹುದು. ಊದಿದ ಮಂಡಿಯ ನೀರಿನಲ್ಲಿ ಪಿಸಿಆರ್ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತದಲ್ಲಿ ಬಹಳ ಸಲ ಕೈಕೊಡುತ್ತದೆ. ಬೆಳೆಸಿ ನೋಡೋಣ ಎಂದರೆ ಈ ಬ್ಯಾಕ್ಟೀರಿಯಾ ಬೆಳೆಯುವುದು ಆಮೆ ನಡಿಗೆಯಲ್ಲಿ, ಅದೂ ವಿಶೇಷ ಆಹಾರ ಹಾಕಿದರೆ.

ಮಚ್ಚೆ ನನ್ನ ಗೆರೆ ದಾಟಿದ ಮೇಲೆ ಅಳಿಯ ತಮ್ಮ ಕುಟುಂಬ ವೈದ್ಯರ ಬಳಿ ಹೋದರು. ನಾನೂ ಹೋದೆ, ಅಭ್ಯಾಸಬಲ. ಐವತ್ತರ ಆಸುಪಾಸಿನ ಹೆಂಗಸು. ಅವರು ಮಚ್ಚೆ ನೋಡಿದರು, ನನ್ನ ನೀಲಿ ಗೆರೆ ನೋಡಿದರು, "ಇದನ್ನು ಯಾರು ಹಾಕಿದ್ದು?" ಎಂದು ಕೇಳಿದರು. ನಾನು ಕೈ ಎತ್ತಿದೆ. "ಆ ಲ್ಯಾಬ್ ವರದಿಗಿಂತ ಇದು ಒಳ್ಳೆಯ ವರದಿ" ಎಂದರು. ಆವತ್ತು ಇಡೀ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮಚ್ಚೆ ಇದ್ದು, ಉಣುಗು ಇರುವ ಊರಿನಲ್ಲಿ ಓಡಾಡಿದ್ದರೆ ಪರೀಕ್ಷೆಯೇ ಬೇಡ, ಕಣ್ಣೇ ಸಾಕು ಎನ್ನುವುದು ಅಲ್ಲಿಯ ನಿಯಮ. ತೊಂದರೆ ಏನೆಂದರೆ ಪೋಸ್ಟರುಗಳಲ್ಲಿ ತೋರಿಸುವುದು ಬಿಳಿ ಚರ್ಮದ ಮೇಲಿನ ಕೆಂಪು ಉಂಗುರ, ನಡುವೆ ಚುಕ್ಕೆ, ಬಾಣ ಹೊಡೆಯುವ ಗುರಿಹಲಗೆಯಂತೆ. ನಿಜದಲ್ಲಿ ಬಹಳ ಮಚ್ಚೆಗಳಿಗೆ ಉಂಗುರವೇ ಇರುವುದಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪೂ ಕಾಣುವುದಿಲ್ಲ. ಅಳಿಯನದು ಮಂಚದ ಅಂಚಿಗೆ ತೊಡೆ ತಾಗಿ ರಕ್ತ ಹೆಪ್ಪುಗಟ್ಟಿದ ಹಾಗಿತ್ತು. ಮುಟ್ಟಿದರೆ ಸ್ವಲ್ಪ ಬೆಚ್ಚಗೆ, ನೋವಿಲ್ಲ. ತುರ್ತು ಕೇಂದ್ರದಲ್ಲಿ ಯಾರೂ ಪ್ಯಾಂಟು ಇಳಿಸಿ ನೋಡಿರಲಿಲ್ಲ. ಕಾಯಿಲೆ ಬಂದ ನೂರರಲ್ಲಿ 70-80 ಜನರಿಗೆ ಈ ಮಚ್ಚೆ ಬರುತ್ತದೆ ಎನ್ನುತ್ತಾರೆ. ಬೆನ್ನಿನಲ್ಲೋ ಕಂಕುಳಲ್ಲೋ ಬಂದು, ಯಾರೂ ನೋಡದೆ ಹೋದವು ಎಷ್ಟೋ.

ಡಾಕ್ಸಿಸೈಕ್ಲಿನ್ ಮಾತ್ರೆ, ದಿನಕ್ಕೆ ಎರಡು, ಹತ್ತು ದಿನ. ಮಾತ್ರೆಯ ಹೊತ್ತಿಗೆ ಹಾಲು ಮೊಸರು ಬೇಡ ಎಂದು ಅಂಗಡಿಯವರು ಹೇಳಿ ಕಳಿಸಿದರು. ಮೊಸರನ್ನ ಇಲ್ಲದೆ ಊಟ ಮುಗಿಯದ ನಮ್ಮ ಅಳಿಯನಿಗೆ ಕಾಯಿಲೆಗಿಂತ ದೊಡ್ಡ ಶಿಕ್ಷೆ ಅದೇ ಆಯಿತು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. "ಮುಗಿದ ಮೇಲೆ ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡಿಸಬೇಕಾ?" ಎಂದು ಅಳಿಯ ಕೇಳಿದಾಗ ವೈದ್ಯೆ ಬೇಡವೆಂದರು. ಬೇಗ ಔಷಧ ಬಿದ್ದರೆ ಮೈ ದೂರು ಬರೆಯುವ ಮೊದಲೇ ಕಳ್ಳ ಸತ್ತಿರುತ್ತಾನೆ, ಪ್ರತಿಕಾಯ ಏಳದೆಯೇ ಹೋಗಬಹುದು. ಎದ್ದವರಲ್ಲಿ ಕಾಯಿಲೆ ವಾಸಿಯಾಗಿ ಹತ್ತಿಪ್ಪತ್ತು ವರ್ಷವಾದರೂ ರಕ್ತದಲ್ಲಿ ಅದು ಕಂಡದ್ದುಂಟು. ವಾಸಿ ಆಯಿತೋ ಇಲ್ಲವೋ ಎಂದು ಈ ಪರೀಕ್ಷೆಯನ್ನು ಕೇಳುವುದೇ ತಪ್ಪು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು ಮಗಳ ಪ್ರೀತಿ.

ನನ್ನ ಹೆಂಡತಿಗೆ ಹನ್ನೆರಡು ವರ್ಷದಿಂದ ಮಂಡಿ ನೋವು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ನಿಂತರೂ ನೋವು, ಅಮೆರಿಕದಲ್ಲಿ ಕೂತರೂ ನೋವು. ಅಳಿಯನ ಪ್ರಕರಣದ ನಂತರ ಮಗಳಿಗೆ ಎಲ್ಲದರಲ್ಲೂ ಉಣುಗು ಕಾಣತೊಡಗಿತು. "ಅಮ್ಮಂಗೂ ಒಂದು ಟೆಸ್ಟ್ ಮಾಡಿಸಿಬಿಡೋಣ ಅಪ್ಪ. ಗೊತ್ತಾಗಲಿ" ಎಂದಳು. ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಏಪ್ರಿಲ್‌ನಲ್ಲಿ ಬಂದಿಳಿದವಳು ಜುಲೈವರೆಗೆ ಕಾರಿನಿಂದ ದೇವಸ್ಥಾನ, ದೇವಸ್ಥಾನದಿಂದ ಕಾರು, ಅಷ್ಟೇ ಓಡಾಡಿದ್ದು. ಹುಲ್ಲಿನ ಮೇಲೆ ಕಾಲಿಟ್ಟವಳಲ್ಲ. ಮಚ್ಚೆ ಇಲ್ಲ, ಜ್ವರ ಇಲ್ಲ.

ಪಾಸಿಟಿವ್ ಬಂತು.

ಮಗಳು ಅತ್ತಳು. ನಾನು ವರದಿಯನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಕೂತೆ. ಅಲ್ಲಿಯ ಪದ್ಧತಿ ಎರಡು ಹಂತದ್ದು. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಎಂಬಲ್ಲಿ 1994ರಲ್ಲಿ ತಜ್ಞರು ಸಭೆ ಸೇರಿ ಗೊತ್ತು ಮಾಡಿದ್ದು. ಮೊದಲು ಎಲೈಸಾ. ಅದು ಸಣ್ಣ ಕಣ್ಣಿನ ಬಲೆ, ಮೀನಿನ ಜೊತೆ ಕಸಕಡ್ಡಿಯೂ ಬರುತ್ತದೆ. ಅದರಲ್ಲಿ ಸಿಕ್ಕಿಬಿದ್ದವರ ರಕ್ತ ಮಾತ್ರ ಎರಡನೆಯ ಹಂತಕ್ಕೆ, ವೆಸ್ಟರ್ನ್ ಬ್ಲಾಟ್‌ಗೆ ಹೋಗುತ್ತದೆ.

ಈ ಬ್ಲಾಟ್ ಎನ್ನುವುದು ಹಳೆಯ ಬಸ್ ಟಿಕೆಟ್‌ನಷ್ಟು ಕಿರಿದಾದ ಒಂದು ಪಟ್ಟಿ. ರೋಗಾಣುವನ್ನು ಒಡೆದು, ಅದರ ಪ್ರೋಟೀನುಗಳನ್ನು ತೂಕದ ಪ್ರಕಾರ ಮೇಲಿಂದ ಕೆಳಗೆ ಬಿಡಿಸಿ ಪಟ್ಟಿಯ ಮೇಲೆ ಕೂರಿಸಿರುತ್ತಾರೆ. ರೋಗಿಯ ಸೀರಂ ಅದರ ಮೇಲೆ ಹರಿಸಿದಾಗ ಯಾವ ಪ್ರೋಟೀನಿಗೆ ಪ್ರತಿಕಾಯ ಅಂಟುತ್ತದೋ ಅಲ್ಲಿ ಒಂದು ಅಡ್ಡಗೆರೆ ಮೂಡುತ್ತದೆ. ಗೆರೆಗೆ ಅದರ ತೂಕದ ಸಂಖ್ಯೆಯೇ ಹೆಸರು: 23, 39, 41, ಹೀಗೆ. ಐಜಿಜಿ ಪಟ್ಟಿಯಲ್ಲಿ ಗೊತ್ತುಪಡಿಸಿದ ಹತ್ತು ಗೆರೆಗಳಲ್ಲಿ ಐದಾದರೂ ಬಂದರೆ ಪಾಸಿಟಿವ್. ಐಜಿಎಂ ಪಟ್ಟಿಯಲ್ಲಿ ಮೂರರಲ್ಲಿ ಎರಡು ಸಾಕು. ಕೆಲವು ಗೆರೆ ಕಾಡಿಗೆ ಎಳೆದ ಹಾಗೆ, ಕೆಲವು ಇದೆಯೋ ಇಲ್ಲವೋ ಎನ್ನುವ ಹಾಗೆ. ಹೋಲಿಕೆಗೆ ಇಟ್ಟ ಮಾದರಿ ಗೆರೆಗಿಂತ ಮಾಸಲಾದರೆ ಲೆಕ್ಕಕ್ಕಿಲ್ಲ. ಮಾಸಲು ಎಂದರೆ ಎಷ್ಟು ಮಾಸಲು? ಕೂತು ನೋಡುವವನ ಕಣ್ಣಿಗೆ ಬಿಟ್ಟದ್ದು. 2019ರಿಂದ ಅಲ್ಲಿಯ ಸರ್ಕಾರ ಬ್ಲಾಟ್ ಬದಲಿಗೆ ಇನ್ನೊಂದು ಬಗೆಯ ಎಲೈಸಾವನ್ನೇ ಎರಡನೆಯ ಹಂತಕ್ಕೆ ಬಳಸಲು ಒಪ್ಪಿದೆ. ನನ್ನ ಹೆಂಡತಿಯ ರಕ್ತ ಹೋದ ಲ್ಯಾಬ್ ಇನ್ನೂ ಗೆರೆ ಎಣಿಸುತ್ತಿತ್ತು.

ಅವಳ ಐಜಿಎಂನಲ್ಲಿ 23 ಮತ್ತು 41 ಬಂದಿದ್ದವು. ಮೂರಕ್ಕೆ ಎರಡು, ಪಾಸಿಟಿವ್. ಐಜಿಜಿಯಲ್ಲಿ ಬರೀ 41. ಹತ್ತಕ್ಕೆ ಒಂದು, ನೆಗೆಟಿವ್. ಈ 41 ಎನ್ನುವುದು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನು. ಅಂಥದೇ ಬಾಲ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳಿಗಿದೆ, ನಮ್ಮ ಒಸಡಿನ ಸಂದಿಯಲ್ಲಿ ಬದುಕುವವಕ್ಕೂ. ಹಾಗಾಗಿ ಆರೋಗ್ಯವಾಗಿರುವ ಬಹಳ ಜನರ ಪಟ್ಟಿಯಲ್ಲೂ 41 ಮೂಡುತ್ತದೆ. ಸಂಧಿವಾತ, ಲೂಪಸ್, ಸಿಫಿಲಿಸ್, ಕೆಲವು ವೈರಲ್ ಜ್ವರಗಳು, ಇವೆಲ್ಲ ಇದ್ದಾಗಲೂ ಲೈಮ್ ಪರೀಕ್ಷೆ ಮೋಸ ಹೋಗಬಹುದು.

ನಾನು ಮಗಳಿಗೆ ಹೇಳಿದೆ: "ಐಜಿಎಂ ಲೆಕ್ಕಕ್ಕೆ ಬರೋದು ಕಾಯಿಲೆಯ ಮೊದಲ ತಿಂಗಳಲ್ಲಿ ಮಾತ್ರ. ನಿಮ್ಮಮ್ಮನ ಮಂಡಿಗೆ ಹನ್ನೆರಡು ವರ್ಷ. ಲೈಮ್‌ನಿಂದ ಮಂಡಿ ಊದಿದ್ದಾಗಿದ್ದರೆ ಇಷ್ಟು ಹೊತ್ತಿಗೆ ಐಜಿಜಿ ಪಟ್ಟಿ ಏಣಿ ಥರ ಇರಬೇಕಿತ್ತು." ಅವಳು ನಂಬಲಿಲ್ಲ. ಅಪ್ಪನ ಮಾತನ್ನು ಅಪ್ಪನ ವೃತ್ತಿಯಲ್ಲೇ ನಂಬದ ಮಕ್ಕಳು ಎಲ್ಲ ಮನೆಯಲ್ಲೂ ಇರುತ್ತಾರೆ.

ಆ ರಾತ್ರಿ ನನಗೆ ನಿದ್ದೆ ಬರದಿದ್ದದ್ದು ಬೇರೆ ಕಾರಣಕ್ಕೆ. ವಿಡಾಲ್.

ಟೈಫಾಯ್ಡ್‌ಗೆ ಮಾಡುವ ವಿಡಾಲ್ ಟೆಸ್ಟ್ ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ. ಪ್ಯಾರಿಸ್ಸಿನ ವೈದ್ಯ ವಿಡಾಲ್ ಅದನ್ನು ಹೇಳಿದ್ದು 1896ರಲ್ಲಿ. ಅದೂ ಪ್ರತಿಕಾಯವನ್ನೇ ನೋಡುವ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸೀರಂ, ಒಂದು ಹನಿ ಬಣ್ಣದ ದ್ರವ, ಕಡ್ಡಿಯಿಂದ ಕಲಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು ಒಂದು ನಿಮಿಷ ಆ ಕಡೆ ಈ ಕಡೆ ವಾಲಿಸಬೇಕು. ಒಡೆದ ಹಾಲಿನಂತೆ ಸಣ್ಣ ಹರಳು ಕಟ್ಟಿದರೆ ಪಾಸಿಟಿವ್. ಸಂಜೆ ಏಳಕ್ಕೆ, ಮೂವತ್ತನೆಯ ಸ್ಯಾಂಪಲ್ ಹೊತ್ತಿಗೆ, ಹರಳು ಕಾಣಬೇಕು ಅಂದುಕೊಂಡವನಿಗೆ ಕಾಣುತ್ತದೆ. ಒಂದು ಮಳೆಗಾಲ ಗದ್ದೆ ನಾಟಿ ಮುಗಿಸಿದ ಹುಡುಗನೊಬ್ಬ ಬಂದ, ಜ್ವರ ಬಂದು ಮೂರು ದಿನ. ನಾನು ಹರಳು ನೋಡಿದೆ, 1:160, ಪಾಸಿಟಿವ್ ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಟೈಫಾಯ್ಡ್ ಔಷಧ ಶುರುವಾಯಿತು. ಏಳನೆಯ ದಿನ ಕಣ್ಣು ಹಳದಿಯಾಗಿ ದೊಡ್ಡಾಸ್ಪತ್ರೆ ಸೇರಿದ. ಇಲಿ ಜ್ವರ. ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಹುಡುಗ ಉಳಿದ. ಮೂರು ದಿನದ ಜ್ವರಕ್ಕೆ ವಿಡಾಲ್ ಹೇಳುವುದು ಏನೂ ಇಲ್ಲ ಎನ್ನುವುದು ನನಗೆ ಆಗಲೂ ಗೊತ್ತಿತ್ತು. ಆದರೆ ಚೀಟಿಯಲ್ಲಿ ‘ಏನೂ ಹೇಳಲಾಗದು’ ಎಂದು ಬರೆಯುವ ಕಾಲಂ ಇರಲಿಲ್ಲ. ನಾನೂ ಒಂದನ್ನು ಗೀಚಿಕೊಳ್ಳಲಿಲ್ಲ.

ಇಲಿ ಜ್ವರದ ಬ್ಯಾಕ್ಟೀರಿಯಾ ಕೂಡ ಸುರುಳಿಯದೇ, ಲೈಮ್‌ನದಕ್ಕೆ ದೂರದ ದಾಯಾದಿ. ಆ ರಾತ್ರಿ ಕನೆಕ್ಟಿಕಟ್‌ನಲ್ಲಿ ಇದು ಯಾಕೋ ಬಹಳ ಹೊತ್ತು ತಲೆಯಲ್ಲಿ ಸುತ್ತಿತು.

ಎರಡು ದಿನ ಬಿಟ್ಟು ಅದೇ ವೈದ್ಯೆ ಹೆಂಡತಿಯ ಮಂಡಿ ಮಡಿಸಿ ಬಿಡಿಸಿ, ಕಟಕಟ ಶಬ್ದ ಕೇಳಿ, ಎಕ್ಸ್‌ರೇ ನೋಡಿ, ಇದು ಸವಕಳಿ ಎಂದರು. ಲೈಮ್ ವರದಿಯನ್ನು ಬದಿಗಿಟ್ಟರು. ಮಗಳು ಒಪ್ಪದಿದ್ದಾಗ ಅವರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಕಲ್ಪನೆಯ ಲೆಕ್ಕ, ಆದರೆ ಅಲ್ಲಿಯವರೆಗೆ ನನಗೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಸುಮ್ಮನೆ ಮಂಡಿ ನೋವಿರುವ ಸಾವಿರ ಜನ, ಅವರಲ್ಲಿ ನಿಜವಾದ ಲೈಮ್ ಹತ್ತು ಜನರಿಗೆ. ಪರೀಕ್ಷೆ ಹತ್ತನ್ನೂ ಹಿಡಿಯಿತು ಎಂದಿಟ್ಟುಕೊಳ್ಳಿ. ಉಳಿದ 990 ಜನರಲ್ಲಿ ನೂರಕ್ಕೆ ಐದರಂತೆ ಸುಳ್ಳು ಪಾಸಿಟಿವ್ ಬಂದರೆ ಸುಮಾರು 50. ಒಟ್ಟು 60 ಪಾಸಿಟಿವ್ ಚೀಟಿ, ಅದರಲ್ಲಿ ನಿಜ ಹತ್ತೇ. ಅದೇ ಪರೀಕ್ಷೆಯನ್ನು, ಜುಲೈ ತಿಂಗಳಲ್ಲಿ ಇದ್ದಕ್ಕಿದ್ದಂತೆ ಮಂಡಿ ಕುಂಬಳಕಾಯಿಯಂತೆ ಊದಿಕೊಂಡ, ಹಿಂದಿನ ವರ್ಷ ಕಾಡಂಚಿನಲ್ಲಿ ಆಡಿದ ನೂರು ಮಕ್ಕಳಿಗೆ ಮಾಡಿ. ಅವರಲ್ಲಿ ಐವತ್ತು ಮಂದಿಗೆ ಕಾಯಿಲೆ ಇದ್ದರೆ ಸುಳ್ಳು ಪಾಸಿಟಿವ್ ಎರಡೋ ಮೂರೋ. "ರಕ್ತ ಕಳಿಸುವ ಮೊದಲೇ ಉತ್ತರದ ಅರ್ಧ ನಿಮ್ಮ ಕೈಲಿರುತ್ತದೆ" ಎಂದರು ವೈದ್ಯೆ. ಮಗಳು ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

ಈ ಪರೀಕ್ಷೆಯ ಅಡ್ಡಗೋಡೆಯ ಮೇಲಿನ ದೀಪದಂಥ ಸ್ವಭಾವದಿಂದ ಅಮೆರಿಕದಲ್ಲಿ ದೊಡ್ಡ ಜಗಳಗಳೇ ನಡೆದಿವೆ. ನೆಗೆಟಿವ್ ಚೀಟಿ ಹಿಡಿದು ನಿಜವಾಗಿ ನರಳಿದವರ ಸಿಟ್ಟು ಒಂದು ಕಡೆ. 2013ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ, ನೆಗೆಟಿವ್ ಬಂದರೆ ಕಾಯಿಲೆ ಇಲ್ಲವೆಂದೇ ಅರ್ಥವಲ್ಲ ಎಂದು ವೈದ್ಯರು ರೋಗಿಗೆ ಬರೆದು ತಿಳಿಸಬೇಕು ಎನ್ನುವ ಕಾನೂನೇ ಬಂತು. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಸುಸ್ತು, ಮೈನೋವು ಉಳಿಯುವವರು ಇದ್ದಾರೆ. ಅವರ ನೋವು ನಾಟಕವಲ್ಲ, ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ. ಇನ್ನೊಂದು ಕಡೆ, ಮಾನ್ಯತೆ ಇಲ್ಲದ ಪರೀಕ್ಷೆಗಳನ್ನು ಮಾರಿ, ಬಂದವರಿಗೆಲ್ಲ ಪಾಸಿಟಿವ್ ಕೊಟ್ಟು, ವರ್ಷಗಟ್ಟಲೆ ಆ್ಯಂಟಿಬಯೋಟಿಕ್ ಹತ್ತಿಸುವ ವ್ಯಾಪಾರ. ನರಳುವವನ ಕೈಗೆ ಖಚಿತ ಉತ್ತರ ಇಟ್ಟು ದುಡ್ಡು ತೆಗೆದುಕೊಳ್ಳುವುದು ಎಲ್ಲ ದೇಶದಲ್ಲೂ ಸುಲಭ. ನನ್ನ ಮಟ್ಟಿಗೆ ಇದು ಮೊದಲಿನ ಅನ್ಯಾಯಕ್ಕಿಂತ ಕೆಟ್ಟದ್ದು. ಮೊದಲಿನದು ಅಜ್ಞಾನ, ಇದು ಲೆಕ್ಕಾಚಾರ.

ಹಿತ್ತಿಲಿಗೆ ಹೋದಾಗ ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಬಂದ ಮೇಲೆ ಟಾರ್ಚು ಹಿಡಿದು ಮಂಡಿ ಹಿಂದೆ, ಕಂಕುಳು, ಹೊಕ್ಕುಳು, ಕೂದಲ ಬುಡ. ಅಳಿಯನಿಗೆ ಇದು ಈಗ ಸಂಧ್ಯಾವಂದನೆಯಷ್ಟು ನಿಯಮ. ಆಗಸ್ಟಿನಲ್ಲಿ ಒಂದು ಮರಿ ಸಿಕ್ಕಿತು, ಸೊಂಟದ ಪಟ್ಟಿಯ ಹತ್ತಿರ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆದು, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾರೀಖು ಬರೆದರು. ನ್ಯೂ ಹೇವನ್‌ನಲ್ಲಿರುವ ರಾಜ್ಯದ ಕೃಷಿ ಪ್ರಯೋಗ ಕೇಂದ್ರದವರು ಉಣುಗನ್ನೇ ಪರೀಕ್ಷಿಸಿ ಕೊಡುತ್ತಾರೆ. "ಕಳಿಸೋಣವಾ ಮಾವ?" ಎಂದರು. ಉಣುಗಿನ ಹೊಟ್ಟೆಯಲ್ಲಿ ಇದ್ದದ್ದೆಲ್ಲ ನಿಮ್ಮ ಮೈಗೆ ಬಂದಿರಬೇಕಿಲ್ಲ, ಅದರಲ್ಲಿ ಇಲ್ಲದಿದ್ದರೂ ನಮಗೆ ಕಾಣದ ಇನ್ನೊಂದು ಕಚ್ಚಿರಬಹುದು ಎಂದೆ. ಕಳಿಸಲಿಲ್ಲ. ಒಂದೂವರೆ ದಿನ ಕಚ್ಚಿಕೊಂಡಿದ್ದರೆ, ಕಿತ್ತ 72 ಗಂಟೆಯೊಳಗೆ ಒಂದೇ ಸಲದ ಮಾತ್ರೆ ಕೊಡುವ ಪದ್ಧತಿಯಿದೆ. ಇದು ಇನ್ನೂ ಚಪ್ಪಟೆಯಾಗಿತ್ತು, ರಕ್ತ ಕುಡಿದಿರಲಿಲ್ಲ. ತಾರೀಖು ಬರೆದ ಚೀಲ ಮಾತ್ರ ಫ್ರಿಜ್ಜಿನ ಮೇಲೆ ಒಂದು ತಿಂಗಳು ಇತ್ತು. ಜ್ವರ ಬಂದರೆ ದಿನ ಎಣಿಸಲು.

ಅಕ್ಟೋಬರಿನಲ್ಲಿ ಊರಿಗೆ ಹೊರಡುವ ವಾರ ಹೆಂಡತಿಯ ಬಿಪಿ ಮಾತ್ರೆ ಬರೆಸಲು ಮತ್ತೆ ಅದೇ ವೈದ್ಯೆಯ ಬಳಿ ಹೋದೆವು. ನರ್ಸ್ ಕಂಪ್ಯೂಟರ್ ನೋಡುತ್ತ, "ನಿಮಗೆ ಲೈಮ್ ಇದೆಯಲ್ಲ?" ಎಂದಳು. ಫೈಲಿನಲ್ಲಿ ಒಮ್ಮೆ ಕೂತ ಪದ ಅಲ್ಲೇ ಕೂತಿತ್ತು. ನಾನು ಬಿಡಿಸಿ ಹೇಳಲು ಬಾಯಿ ತೆರೆದೆ, ಐಜಿಎಂ, ಐಜಿಜಿ, 23, 41. ಹೆಂಡತಿ ನನ್ನ ತೋಳು ಹಿಡಿದು ಎಳೆದಳು. "ಬಿಡ್ರೀ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಕೂತೆ. ಅಮೆರಿಕದಲ್ಲಾದ್ರೂ ಒಂದು ಪರೀಕ್ಷೆ ಪಾಸಾಗಿದೀನಿ, ಇರಲಿ."